ಶಾಸನಸಭೆಗೆ ಹೋದ ಸಂಪಾದಕ

17 ಮಾರ್ಚ್ 2024, ಭಾನುವಾರ
ಬೆಂಗಳೂರು

ಡಿ.ವಿ. ಗುಂಡಪ್ಪನವರು ಮುಳಬಾಗಿಲಿನಲ್ಲಿ ಹುಟ್ಟಿದ್ದು 1887ರ ಇದೇ ದಿನ. ಬೆಳಗಿನಿಂದ ಫೋನಿಗೆ ಬಂದು ಬೀಳುತ್ತಿರುವುದೆಲ್ಲ ಅವರ 'ಮಂಕುತಿಮ್ಮನ ಕಗ್ಗ'ದ ಪದ್ಯಗಳೇ. ಕಗ್ಗ ಪ್ರಕಟವಾದದ್ದು 1943ರಲ್ಲಿ, ಅವರಿಗೆ ಐವತ್ತಾರು ತುಂಬಿದ ಮೇಲೆ. ಅಲ್ಲಿಯವರೆಗೆ ಅವರು ಪತ್ರಿಕೆ ನಡೆಸಿದ್ದರು, ಸುಮಾರು ಹದಿನಾಲ್ಕು ವರ್ಷ ಮೈಸೂರು ಶಾಸನಸಭೆಯಲ್ಲಿ ಕುಳಿತಿದ್ದರು. ಆ ಗುಂಡಪ್ಪನವರನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಸಂಜೆ ಬಸವನಗುಡಿಯ ಡಿ.ವಿ.ಜಿ. ರಸ್ತೆಯಲ್ಲಿ ಪಾತ್ರೆ ಅಂಗಡಿಯೊಂದರಲ್ಲಿ, ಈ ಡಿ.ವಿ.ಜಿ. ಯಾರೆಂದು ಸುಮ್ಮನೆ ಕೇಳಿದೆ. ಅಂಗಡಿಯವರು ತೂಕದ ತಟ್ಟೆಯಿಂದ ಹಿತ್ತಾಳೆ ಚೊಂಬನ್ನು ಎತ್ತಿ ಗಲ್ಲಾದ ಪಕ್ಕಕ್ಕಿಡುತ್ತ, "ಕಗ್ಗ ಬರೆದೋರಲ್ವಾ ಸಾರ್?" ಎಂದರು. ತಪ್ಪೇನಿಲ್ಲ.

ಮೆಟ್ರಿಕ್ಯುಲೇಷನ್ ದಾಟದ ತರುಣ, ಬೆಂಗಳೂರಿನಲ್ಲಿ ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಡೆ ಕೆಲಸಕ್ಕಿದ್ದವರು, ಪತ್ರಿಕೆಗಳಿಗೆ ಬರೆಯತೊಡಗಿದ ಕಾಲ ಹಿತವಾದದ್ದೇನೂ ಆಗಿರಲಿಲ್ಲ. 1908ರಲ್ಲಿ ಮೈಸೂರು ಸರ್ಕಾರ ತಂದ ವೃತ್ತಪತ್ರಿಕೆ ಕಾಯಿದೆಯ ಪ್ರಕಾರ ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ಹೊರಡಿಸುವಂತಿರಲಿಲ್ಲ. ಅದನ್ನು ಪ್ರತಿಭಟಿಸಿ ಮೈಸೂರಿನ ತಾತಯ್ಯನವರು, ಎಂದರೆ ಎಂ. ವೆಂಕಟಕೃಷ್ಣಯ್ಯನವರು, ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಆ ಕಾಯಿದೆಯ ನೆರಳಿನಲ್ಲೇ ಗುಂಡಪ್ಪನವರು 1913ರ ಏಪ್ರಿಲ್‌ನಲ್ಲಿ 'ಕರ್ನಾಟಕ'ವನ್ನು ಆರಂಭಿಸಿದರು. ಹೆಸರು ಹೀಗಿದ್ದರೂ ಅದು ವಾರಕ್ಕೆರಡು ಬಾರಿ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆ. ಕನ್ನಡದ ಇಷ್ಟು ದೊಡ್ಡ ಬರಹಗಾರ ಇಂಗ್ಲಿಷಿನಲ್ಲೇಕೆ ಬರೆದರು ಎಂದು ಆಕ್ಷೇಪಿಸುವವರಿದ್ದಾರೆ. ನನಗೆ ಅದು ಸರಿಯಾದ ಲೆಕ್ಕಾಚಾರವೆಂದೇ ತೋರುತ್ತದೆ, ಏಕೆಂದರೆ ಅವರು ತಿದ್ದಬೇಕೆಂದುಕೊಂಡ ದಿವಾನರ ಕಚೇರಿಯೂ ಬ್ರಿಟಿಷ್ ಪ್ರತಿನಿಧಿಯ ಕಚೇರಿಯಾದ ರೆಸಿಡೆನ್ಸಿಯೂ ವ್ಯವಹರಿಸುತ್ತಿದ್ದದ್ದು ಆ ಭಾಷೆಯಲ್ಲಿ. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಅವರ ಬಗ್ಗೆ ಗೌರವವಿಟ್ಟುಕೊಂಡೇ ಸರ್ಕಾರವನ್ನು ಟೀಕಿಸುವ ಹದವನ್ನು ಸಂಪಾದಕರು ಕಂಡುಕೊಂಡಿದ್ದರು.

1926ರಲ್ಲಿ ಅವರು ಶಾಸನಸಭೆಯನ್ನು ಸೇರಿ 1940ರವರೆಗೆ ಸದಸ್ಯರಾಗಿದ್ದರು. ಇಂದಿನ ವಿಧಾನಸಭೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಓದಬಾರದು. ಸಭೆಗೆ ಅಧ್ಯಕ್ಷರು ದಿವಾನರೇ. ಬಜೆಟ್ಟಿನ ಮೇಲೆ ಚರ್ಚಿಸಬಹುದು, ಪ್ರಶ್ನೆ ಕೇಳಬಹುದು, ನಿರ್ಣಯ ಮಂಡಿಸಬಹುದು, ಆದರೆ ಸೋಲಿಸಿ ಇಳಿಸಬಹುದಾದ ಮಂತ್ರಿಮಂಡಲವೆಂಬುದೇ ಅಲ್ಲಿರಲಿಲ್ಲ. ಹೀಗಿರುವಲ್ಲಿ ಸದಸ್ಯನ ಕೈಗಿದ್ದ ಆಯುಧ ಸಂಪಾದಕನದೇ ಆಗಿತ್ತು: ವರದಿಯನ್ನು ಓದಿಕೊಂಡು ಬರುವುದು, ಅಂಕಿಅಂಶಗಳನ್ನು ಎದುರಿಡುವುದು, ವಾದಿಸುವುದು. ಪಕ್ಷ ಕಟ್ಟುವ, ಜೈಲಿಗೆ ಹೋಗುವ ರಾಜಕೀಯ ಮಂದಗಾಮಿ ನಾಯಕ ಗೋಪಾಲಕೃಷ್ಣ ಗೋಖಲೆಯವರ ಈ ಅನುಯಾಯಿಯ ದಾರಿಯಾಗಿರಲಿಲ್ಲ. ಮಹಾರಾಜರು ಇದ್ದುಕೊಂಡೇ ಪ್ರಜೆಗಳಿಗೆ ಜವಾಬ್ದಾರಿ ಸರ್ಕಾರ ಬರಬೇಕು, ಮುಂದೆ ಭಾರತ ಒಂದು ಒಕ್ಕೂಟವಾದಾಗ ಸಂಸ್ಥಾನಗಳ ಜನರಿಗೂ ಅದರಲ್ಲಿ ಸ್ಥಾನವಿರಬೇಕು ಎಂಬ ಮಾತನ್ನು ಅವರು ಬಹುಕಾಲ ಬರೆಯುತ್ತ ಬಂದರು. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದು, ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಸತ್ತ ಮೇಲೆ ಇಂಥ ನಿಧಾನದ ರಾಜಕೀಯಕ್ಕೆ ಕಿವಿಗೊಡುವವರು ಕಡಿಮೆಯಾದದ್ದು ಸಹಜವೇ. ಅದು ಅವರ ರಾಜಕೀಯದ ಮಿತಿಯೂ ಹೌದು. ಅಭಿಮಾನಿಗಳು ಇದನ್ನು ಹೇಳಲು ಹಿಂಜರಿಯುವುದೇಕೋ ತಿಳಿಯದು.

ಶಾಸನಸಭೆಯ ಸದಸ್ಯರಾಗಿದ್ದಾಗಲೇ, 1928ರಲ್ಲಿ, ಅವರು ಬಾಗಲಕೋಟೆಯಲ್ಲಿ ಸೇರಿದ ಪತ್ರಕರ್ತರ ಸಮ್ಮೇಳನದ ಅಧ್ಯಕ್ಷರಾದರು. ಬಾಗಲಕೋಟೆ ಅಂದು ಮುಂಬಯಿ ಪ್ರಾಂತದಲ್ಲಿತ್ತು. ಬೇರೆ ಆಡಳಿತದ ಕನ್ನಡಿಗರು ಮೈಸೂರಿನ ಶಾಸಕರೊಬ್ಬರನ್ನು ಪತ್ರಿಕೋದ್ಯಮದ ಹಿರಿಯರೆಂದೇ ಕರೆಸಿಕೊಂಡರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಸದಸ್ಯತ್ವ ಮುಗಿದ ಮೇಲೆ ಅವರು ಮತ್ತೆ ಚುನಾವಣೆಯ ಕಡೆಗೆ ಹೊರಳದೆ 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ತೆರೆದರು. ರಾಜ್ಯಶಾಸ್ತ್ರವನ್ನೂ ಸಾಹಿತ್ಯವನ್ನೂ ಸಾಮಾನ್ಯ ನಾಗರಿಕರು ಕುಳಿತು ಓದುವ ಜಾಗ ಅದು. 1970ರಲ್ಲಿ ನಾಡು ಅವರನ್ನು ಸನ್ಮಾನಿಸಿ ಕೊಟ್ಟ 90,000 ರೂಪಾಯಿಯ ನಿಧಿಯನ್ನೂ ಅವರು ಆ ಸಂಸ್ಥೆಗೇ ಬಿಟ್ಟುಕೊಟ್ಟರು.