ಲಂಟಾನದ ಆನೆ: ಕಡ್ಡಿ ಕಡಿದರೆ ಸಾಲದು, ಬುಡ ಏಳಬೇಕು

ಕಾಡನ್ನು ಆವರಿಸುವ ಕಳೆಪೊದೆ ಲಂಟಾನ. ಅದರ ಕಡ್ಡಿಯಿಂದ ಕಟ್ಟಿ 2024ರ ಫೆಬ್ರವರಿಯಲ್ಲಿ ಲಾಲ್‌ಬಾಗ್‌ನಲ್ಲಿ ಪ್ರದರ್ಶನಕ್ಕೆ ನಿಲ್ಲಿಸಿದ್ದ ಆನೆಗಳಲ್ಲಿ ಒಂದರ ಕಿವಿಯಂತೆ ಇನ್ನೊಂದರ ಕಿವಿ ಇರಲಿಲ್ಲ. ಇವು ಕಲ್ಪನೆಯ ಆನೆಗಳಲ್ಲ. ನೀಲಗಿರಿಯ ಗೂಡಲೂರಿನಲ್ಲಿ ಊರು, ತೋಟಗಳ ನಡುವೆಯೇ ಓಡಾಡುವ ಕಾಡಾನೆಗಳನ್ನು ಸಂಶೋಧಕರು ಒಂದೊಂದಾಗಿ ಗುರುತಿಸಿದ್ದಾರೆ. ಆ ಗುರುತು ಹಿಡಿದು ಕಲಾವಿದರು ಆಕಾರ ಕೊಟ್ಟರು. ಬೆಟ್ಟಕುರುಂಬ, ಪಣಿಯ, ಸೋಲಿಗ ಬುಡಕಟ್ಟುಗಳ ಕುಶಲಕರ್ಮಿಗಳು ಕಟ್ಟಿದರು.

ಬೇಕಾಗುವುದು ನೆಟ್ಟಗಿನ ಹಸಿ ಕಡ್ಡಿ. ಒಣಗಿದ್ದು ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ಕಡ್ಡಿಯನ್ನು ದೊಡ್ಡ ತೊಟ್ಟಿಯಲ್ಲಿ ಕುದಿಸಿ, ಸಿಪ್ಪೆ ಸುಲಿದು, ಮೆತ್ತಗಿರುವಾಗಲೇ ಕಬ್ಬಿಣದ ಸರಳಿನ ಚೌಕಟ್ಟಿಗೆ ಸುತ್ತಿ ಮೊಳೆ ಹೊಡೆಯುತ್ತಾರೆ. ಸೊಂಡಿಲು, ಕಿವಿಯಂಚಿನಂಥ ಬಾಗು ಹೆಚ್ಚಿರುವ ಕಡೆ ತೆಳ್ಳಗಿನದೇ ಆಗಬೇಕು. ಕೊನೆಗೆ ವಾರ್ನಿಷ್.

ಕಲೆಗೂ ಕಾಡಿಗೂ ಹೊಂದಾಣಿಕೆ ತಪ್ಪುವುದು ಇಲ್ಲೇ. ಆನೆಗೆ ಬೇಕಾದದ್ದು ನೆಲದ ಮೇಲಿನ ಕಡ್ಡಿ; ಕಾಡಿನಿಂದ ಹೋಗಬೇಕಾದದ್ದು ಬುಡ. ಕಡ್ಡಿಯನ್ನಷ್ಟೇ ಕಡಿದರೆ ಲಂಟಾನ ಮತ್ತೆ ಚಿಗುರಿ ಇನ್ನಷ್ಟು ದಟ್ಟವಾಗುತ್ತದೆ. ಬೆಳೆದು ನಿಂತ ಪೊದೆಗೆ ಬೆಂಕಿ ಹಾಕಿದರೂ ಬುಡ ಉಳಿಯುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ತಂಡ ರೂಪಿಸಿದ ವಿಧಾನ ಸರಳ: ಮಣ್ಣಿನ ಮಟ್ಟದಿಂದ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡಬೇಕು. ಬುಡ ಮಣ್ಣು ಮುಟ್ಟಿದರೆ ಮತ್ತೆ ಬೇರು ಬಿಡುತ್ತದೆ. ಹಣ್ಣಾಗುವ ಮೊದಲೇ ಈ ಕೆಲಸ ಮುಗಿಯಬೇಕು, ಇಲ್ಲದಿದ್ದರೆ ಎಳೆದಾಡುವಾಗಲೇ ಬೀಜ ಬಿತ್ತಿದಂತೆ. ಮುಂದಿನ ಮಳೆಗಾಲದಲ್ಲಿ ಪಿಕಳಾರದಂಥ ಹಕ್ಕಿಗಳು ಕೂರುವ ಮರಗಳಡಿ ಮೊದಲು ಹುಡುಕಿ. ಸಸಿ ಏಳುವುದು ಅಲ್ಲೇ ಹೆಚ್ಚು. ತೆರವಾದ ಜಾಗವನ್ನು ಖಾಲಿ ಬಿಡದೆ ಸ್ಥಳೀಯ ಹುಲ್ಲು ಹಿಡಿಸಬೇಕು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುವ ಇನ್ನೊಂದು ಮಾತನ್ನು ವಿಜ್ಞಾನಿಗಳು ಅವರೊಂದಿಗೇ ಕೂತು ದಾಖಲಿಸಿದ್ದಾರೆ. ಬೇಸಿಗೆ ಕಾವೇರುವ ಮುನ್ನ ಹಾಕುತ್ತಿದ್ದ ತರಗುಬೆಂಕಿ ಲಂಟಾನದ ಎಳೆ ಸಸಿಗಳನ್ನು ಸುಡುತ್ತಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ರೂಢಿ ನಿಂತಿತು, ಪೊದೆ ಹಬ್ಬಿತು. ಈ ತಿಳಿವಳಿಕೆಗೆ ಕುಶಲಕರ್ಮಿಯ ಕೈಗೆ ಕೊಡುವಷ್ಟೇ ಬೆಲೆ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇಂಥ ಪ್ರದರ್ಶನ ಏರ್ಪಡಿಸುವವರು ಒಪ್ಪಂದದಲ್ಲೇ ಬರೆಸಿಕೊಳ್ಳಿ: ಕಡ್ಡಿ ತಂದ ಜಾಗದ ಬುಡ ಕೀಳುವ ಕೂಲಿ, ಕನಿಷ್ಠ ಎರಡು ಮಳೆಗಾಲ ಸಸಿ ಕೀಳುವ ಕೂಲಿ, ಎರಡೂ ಆನೆಯ ಬೆಲೆಯೊಳಗೇ ಸೇರಿರಲಿ.