‘ಫೈಟ್ ಚೆನ್ನಾಗಿದೆಯಲ್ಲ, ಮತ್ತೇನು ಬೇಕು?’

ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೆಂದರೆ, ಬಾಯಿಮಾತಿನಲ್ಲಿ ಉತ್ತರಿಸುವ ತಾಳ್ಮೆ ನನ್ನಲ್ಲಿ ಈಗ ಉಳಿದಿಲ್ಲ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನು ಕಳುಹಿಸಿ ಸುಮ್ಮನಾಗುತ್ತೇನೆ. 2000ನೇ ಇಸವಿಯ ಚೀನೀ ಕತ್ತಿಕಾಳಗದ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ ಚಿತ್ರವನ್ನು ಕಂಡಕಂಡವರ ಮುಂದೆಲ್ಲ ಹೊಗಳುವ ನಾನು, 2016ರಲ್ಲಿ ಬಂದ ಅದರ ಎರಡನೆಯ ಭಾಗ ‘ಸೋರ್ಡ್ ಆಫ್ ಡೆಸ್ಟಿನಿ’ಯ ಹೆಸರೆತ್ತಿದರೆ ಮುಖ ಸಿಂಡರಿಸುವುದೇಕೆ? ಅದೇ ನಾಯಕಿ, ಅದೇ ಕತ್ತಿ, ಮೊದಲ ಚಿತ್ರದ ಹೊಡೆದಾಟಗಳನ್ನು ಸಂಯೋಜಿಸಿದ ಯುವೆನ್ ವೂ-ಪಿಂಗ್ ಅವರದೇ ನಿರ್ದೇಶನ. ಹೀಗಿರುವಾಗ ಕೊರತೆ ಎಲ್ಲಿದೆ?

ಪ್ರಶ್ನೆ ಈ ರೂಪದಲ್ಲಿ ಬಂದರೆ ನನಗೆ ಬೇಸರವಿಲ್ಲ. ಆದರೆ ಯಾರೂ ಹೀಗೆ ಕೇಳುವುದಿಲ್ಲ. “ಫೈಟ್ ಚೆನ್ನಾಗಿದೆಯಲ್ಲ ಮೇಡಂ, ಮತ್ತೇನು ಬೇಕು ನಿಮಗೆ?” ಎಂದು ಕೇಳುತ್ತಾರೆ. ಆ ‘ಮತ್ತೇನು’ ಎನ್ನುವ ಪದವೇ ನನ್ನನ್ನು ಕೆರಳಿಸುತ್ತದೆ. ಹೊಡೆದಾಟದ ಚಿತ್ರದಲ್ಲಿ ಹೊಡೆದಾಟದ ಹೊರತು ಇನ್ನೇನನ್ನಾದರೂ ಬಯಸುವುದು ಅತಿಯಾಸೆ ಎಂಬ ತೀರ್ಮಾನವನ್ನು ಮೊದಲೇ ಮಾಡಿಕೊಂಡು, ಆಮೇಲೆ ಅದಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಅಂಟಿಸಿರುತ್ತಾರೆ. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ನಾನು ಹೆಂಗಸಾದ್ದರಿಂದ ನನಗೆ ಮೊದಲ ಭಾಗದ ಪ್ರೇಮಕಥೆ ಹಿಡಿಸಿದೆ, ಎರಡನೆಯದರಲ್ಲಿ ಅದು ಕಡಿಮೆಯಾಗಿ ಕತ್ತಿಯ ಸದ್ದು ಜಾಸ್ತಿಯಾದ್ದರಿಂದ ಹಿಡಿಸಿಲ್ಲ ಎಂದು ನನ್ನ ಪರವಾಗಿ ಉತ್ತರವನ್ನೂ ಕೊಟ್ಟುಬಿಡುತ್ತಾರೆ. ಅವರಿಗೆ ನಮಸ್ಕಾರ.

ಯುವೆನ್ ವೂ-ಪಿಂಗ್ ಅವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 1978ರ ಒಂದೇ ವರ್ಷದಲ್ಲಿ ಎರಡು ಚಿತ್ರಗಳ ಮೂಲಕ ಜಾಕಿ ಚಾನ್ ಎಂಬ ನಟನಿಗೆ ನಗುವ ಮುಖವನ್ನು ಕೊಟ್ಟವರು ಅವರು. 1999ರಲ್ಲಿ ‘ದಿ ಮೇಟ್ರಿಕ್ಸ್’ ಚಿತ್ರಕ್ಕಾಗಿ ಹಾಲಿವುಡ್ ನಟರಿಗೆ ಕೈಕಾಲು ಆಡಿಸಲು ಕಲಿಸಿದವರೂ ಅವರೇ. 1993ರ ‘ಐರನ್ ಮಂಕಿ’ಯ ಕೊನೆಯ ಕಾಳಗವನ್ನು ನೋಡಿದವರು ಈ ಮನುಷ್ಯನ ಕೆಲಸವನ್ನು ಹಗುರವಾಗಿ ಮಾತಾಡಲಾರರು. ಕೆಳಗೆ ಬೆಂಕಿ ಉರಿಯುತ್ತಿರುತ್ತದೆ, ಮೇಲೆ ಕಂಬಗಳ ತುದಿಯಲ್ಲಿ ನಿಂತು ಹಾಂಗ್‌ಕಾಂಗ್ ನಟ ಡಾನಿ ಯೆನ್ ಮತ್ತಿತರರು ಹೊಡೆದಾಡುತ್ತಾರೆ. ಕಾಲಿಡಲು ಅಂಗೈಯಗಲ ಜಾಗವೂ ಇಲ್ಲದ ಕಡೆ ಪ್ರತಿ ಹೆಜ್ಜೆಯೂ ಒಂದು ನಿರ್ಧಾರವಾಗುತ್ತದೆ. ಅದೇ ನಿರ್ದೇಶಕರು ಅದೇ ಡಾನಿ ಯೆನ್ ಅವರನ್ನು ಇಪ್ಪತ್ತಮೂರು ವರ್ಷಗಳ ನಂತರ ‘ಸೋರ್ಡ್ ಆಫ್ ಡೆಸ್ಟಿನಿ’ಯಲ್ಲಿ ಮತ್ತೆ ಕರೆತಂದಿದ್ದಾರೆ.

ಎರಡನೆಯ ಭಾಗಗಳೆಲ್ಲ ಕೆಡುವುದು ಸಹಜ ಎಂಬ ಸಮಾಧಾನವೂ ನನಗೆ ಬೇಡ. 1978ರ ‘ಡ್ರಂಕನ್ ಮಾಸ್ಟರ್’ಗೆ ಎರಡನೆಯ ಭಾಗ ಬಂದದ್ದು 1994ರಲ್ಲಿ, ಸರಿಯಾಗಿ ಹದಿನಾರು ವರ್ಷಗಳ ನಂತರ. ಅದರ ಕೊನೆಯ ಕಾಳಗದಲ್ಲಿ ಜಾಕಿ ಚಾನ್ ಕೆಂಡದ ಮೇಲೆ ಬಿದ್ದು ತೆವಳುವುದನ್ನು ನೋಡಿದವರಲ್ಲಿ ಮೊದಲ ಭಾಗಕ್ಕಿಂತ ಇದೇ ಮೇಲು ಎನ್ನುವವರು ಬಹಳ ಮಂದಿ ಇದ್ದಾರೆ, ನಾನೂ ಅವರಲ್ಲೊಬ್ಬಳು. ‘ಕ್ರೌಚಿಂಗ್ ಟೈಗರ್’ನ ಎರಡು ಭಾಗಗಳ ನಡುವಿನ ಅಂತರವೂ ಅದೇ ಹದಿನಾರು ವರ್ಷ. ಆದ್ದರಿಂದ ಕಾಲದ ಮೇಲೆ ತಪ್ಪು ಹೊರಿಸುವಂತಿಲ್ಲ.

ಉಳಿದ ಆಕ್ಷೇಪಗಳನ್ನೂ ಬೇಗ ಮುಗಿಸುತ್ತೇನೆ. ಮೊದಲ ಚಿತ್ರದ ನಿರ್ದೇಶಕ ಆಂಗ್ ಲೀ ಇರಲಿಲ್ಲ, ಮುಖ್ಯ ಕಲಾವಿದರಲ್ಲಿ ಮರಳಿ ಬಂದವರು ಮಿಶೆಲ್ ಯೋ ಒಬ್ಬರೇ, ಚಿತ್ರೀಕರಣದ ಬಹುಪಾಲು ನ್ಯೂಜಿಲೆಂಡಿನಲ್ಲಿ ನಡೆಯಿತು, ಪಾತ್ರಗಳು ಇಂಗ್ಲಿಷಿನಲ್ಲಿ ಮಾತಾಡುತ್ತವೆ. ಇಂಗ್ಲಿಷಿನ ವಿಷಯದಲ್ಲಿ ಮಾತ್ರ ಒಂದು ಮಾತು ಹೇಳಲೇಬೇಕು. ಮೊದಲ ಚಿತ್ರ ಬಂದಾಗ ಚೀನೀ ಭಾಷಿಕರು ಗೇಲಿ ಮಾಡಿದ್ದು ಅದರ ಉಚ್ಚಾರಣೆಯನ್ನು. ಮಲೇಷ್ಯಾದಲ್ಲಿ ಬೆಳೆದ ಮಿಶೆಲ್ ಯೋ, ಹಾಂಗ್‌ಕಾಂಗ್‌ನ ಚೌ ಯುನ್-ಫ್ಯಾಟ್ ಇಬ್ಬರಿಗೂ ಆ ಚಿತ್ರದ ಭಾಷೆಯಾದ ಮ್ಯಾಂಡರಿನ್ ಸಲೀಸಾಗಿ ಬರುತ್ತಿರಲಿಲ್ಲ. ಯೋ ಸಂಭಾಷಣೆಯನ್ನು ಶಬ್ದ ಹಿಡಿದು ಉರು ಹೊಡೆದರು. ಅಷ್ಟಾದರೂ ಆ ಚಿತ್ರ ಅಮೆರಿಕದಲ್ಲಿ 12.8 ಕೋಟಿ ಡಾಲರ್ ಗಳಿಸಿತು, ಹತ್ತು ಆಸ್ಕರ್ ನಾಮನಿರ್ದೇಶನ ಪಡೆದು ನಾಲ್ಕನ್ನು ಗೆದ್ದಿತು. ಯಾರಿಗೂ ಉಚ್ಚಾರಣೆಯ ತೊಂದರೆಯಾಗದಿರಲೆಂದೋ ಏನೋ, ಎರಡನೆಯ ಸಲ ಭಾಷೆಯನ್ನೇ ತೆಗೆದುಹಾಕಿದರು. ನೆಗಡಿಗೆ ಮೂಗು ಕೊಯ್ದ ಹಾಗಾಯಿತು. ಆದರೂ ನನ್ನ ಉತ್ತರ ಇದಲ್ಲ. ಇದನ್ನೆಲ್ಲ ನಾನು ಕ್ಷಮಿಸಬಲ್ಲೆ.

ನನ್ನ ಉತ್ತರ ಏನೆಂದು ನನಗೇ ಸ್ಪಷ್ಟವಾದದ್ದು ಒಂದು ಮಧ್ಯಾಹ್ನ ಕಚೇರಿಯ ಊಟದ ಬಿಡುವಿನಲ್ಲಿ. ನನಗಿಂತ ಹದಿನೈದು ವರ್ಷ ಚಿಕ್ಕವನಾದ ಸಹೋದ್ಯೋಗಿಯೊಬ್ಬ ತನ್ನ ಫೋನನ್ನು ನೀರಿನ ಲೋಟಕ್ಕೆ ಒರಗಿಸಿಟ್ಟು, ಎರಡನೆಯ ಭಾಗದ ಮಂಜುಗಡ್ಡೆಯ ಕೆರೆಯ ಕಾಳಗವನ್ನು ತೋರಿಸಿದ. ಸುತ್ತ ಜನರಿದ್ದುದರಿಂದ ಧ್ವನಿ ಮುಚ್ಚಿದ್ದ. ಹೆಪ್ಪುಗಟ್ಟಿದ ಕೆರೆಯ ಮೇಲೆ ಜನರು ಜಾರುತ್ತಾರೆ, ತಿರುಗುತ್ತಾರೆ, ಬೀಳುತ್ತಾರೆ. “ಈಗ ಹೇಳಿ ಮೇಡಂ, ಇದರಲ್ಲಿ ಏನು ಕಮ್ಮಿ?” ಎಂದ. ನಿಜ ಹೇಳಬೇಕೆಂದರೆ ಏನೂ ಕಮ್ಮಿ ಇರಲಿಲ್ಲ, ನೋಡಲು ಚೆಂದವಾಗಿಯೇ ಇತ್ತು. ನಾನು ಅವನ ಫೋನನ್ನೇ ತೆಗೆದುಕೊಂಡು ಮೊದಲ ಚಿತ್ರದ ಆಯುಧಶಾಲೆಯ ಕಾಳಗವನ್ನು ಹುಡುಕಿ, ಅದನ್ನೂ ಧ್ವನಿಯಿಲ್ಲದೆಯೇ ಹಾಕಿದೆ.

ಆ ದೃಶ್ಯ ನೋಡದವರಿಗಾಗಿ ಹೇಳುತ್ತೇನೆ. ಮಿಶೆಲ್ ಯೋ ವಹಿಸಿರುವ ಶೂ ಲಿಯೆನ್ ಸರಕು-ಸಂಪತ್ತಿಗೆ ಬೆಂಗಾವಲು ಒದಗಿಸುವ ಸಂಸ್ಥೆಯ ಒಡತಿ, ಶಿಸ್ತಿನ ಹೆಂಗಸು. ಜೆನ್ ಅಧಿಕಾರಿಯ ಮನೆಯ ಹುಡುಗಿ, ಮದುವೆಯಿಂದ ಓಡಿಬಂದವಳು, ಕದ್ದ ‘ಗ್ರೀನ್ ಡೆಸ್ಟಿನಿ’ ಕತ್ತಿ ಅವಳ ಕೈಯಲ್ಲಿದೆ. ಆ ಕತ್ತಿಗೆ ಎದುರಾದ ಲೋಹವೆಲ್ಲ ತುಂಡಾಗುತ್ತದೆ. ಶೂ ಲಿಯೆನ್ ಜೋಡಿ ಕತ್ತಿ ಹಿಡಿಯುತ್ತಾಳೆ, ಈಟಿ ಹಿಡಿಯುತ್ತಾಳೆ, ಕೊಕ್ಕೆಗತ್ತಿ ಹಿಡಿಯುತ್ತಾಳೆ. ಒಂದೊಂದಕ್ಕೂ ಅವಳ ನಿಲುವು ಬೇರೆಯಾಗುತ್ತದೆ, ಭುಜದ ಮಟ್ಟ ಬೇರೆಯಾಗುತ್ತದೆ. ನಡುವೆ ಒಂದು ಭಾರೀ ಆಯುಧವನ್ನು ಎತ್ತಲು ಹೋಗಿ, ಎತ್ತಲಾರದೆ, ಅದನ್ನು ಅಲ್ಲೇ ಬಿಟ್ಟು ಇನ್ನೊಂದಕ್ಕೆ ಓಡುತ್ತಾಳೆ. ಹುಡುಗಿಯ ಕೈಯಲ್ಲಿ ಮಾತ್ರ ಮೊದಲಿನಿಂದ ಕೊನೆಯವರೆಗೂ ಒಂದೇ ಕತ್ತಿ. ಯಾರ ಬಳಿ ವಿದ್ಯೆಯಿದೆ, ಯಾರ ಬಳಿ ಬರೀ ವಸ್ತುವಿದೆ ಎಂಬುದಕ್ಕೆ ಸಂಭಾಷಣೆ ಬೇಕಾಗಿಲ್ಲ. ಕೊನೆಗೆ ಶೂ ಲಿಯೆನ್‌ಳ ದೊಡ್ಡ ಕತ್ತಿಯೂ ಮುರಿಯುತ್ತದೆ, ಆದರೆ ಆ ಮುರಿದ ಮೊಂಡು ಜೆನ್‌ಳ ಕುತ್ತಿಗೆಯ ಪಕ್ಕದಲ್ಲಿ ಬಂದು ನಿಂತಿರುತ್ತದೆ. ಗೆದ್ದವಳು ತಡೆದುಕೊಳ್ಳುತ್ತಾಳೆ. ಸೋತವಳು ಆ ದಯೆಯನ್ನು ಬಳಸಿಕೊಂಡು ಅವಳ ತೋಳನ್ನು ಸೀಳುತ್ತಾಳೆ.

ಈ ಚಿತ್ರದ ಚಿತ್ರೀಕರಣದ ಆರಂಭದಲ್ಲೇ ಮಿಶೆಲ್ ಯೋ ಅವರ ಮೊಣಕಾಲಿನ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾಗಿತ್ತು ಎಂಬುದನ್ನೂ ನಾನು ಸೇರಿಸಿದೆ. ಸೇರಿಸಬಾರದಿತ್ತು, ಏಕೆಂದರೆ ನನ್ನ ಎಳೆಯ ಗೆಳೆಯ ದೃಶ್ಯವನ್ನು ಬಿಟ್ಟು ಆಕೆಯ ಮೊಣಕಾಲನ್ನೇ ನೋಡತೊಡಗಿದ. ಮುಗಿದ ಮೇಲೆ ಅವನು ಕೇಳಿದ್ದು, “ಅವೆಲ್ಲ ನಿಜವಾದ ಆಯುಧಗಳಾ?” ಎಂದು. ಊಟದ ಬಿಡುವು ಮುಗಿಯಿತು.

ಅವನು ಕೇಳಲಿ ಎಂದು ನಾನು ಕಾಯುತ್ತಿದ್ದ ಪ್ರಶ್ನೆ ಬೇರೆಯಿತ್ತು. ಶೂ ಲಿಯೆನ್‌ಗೆ ಅಷ್ಟು ಕೋಪ ಏಕೆ? ಕದ್ದ ಕತ್ತಿಗಾಗಿ ಯಾರೂ ಹಾಗೆ ಮೈಮೇಲೆ ಬಂದವರಂತೆ ಹೊಡೆದಾಡುವುದಿಲ್ಲ. ಆ ಕತ್ತಿ ಚೌ ಯುನ್-ಫ್ಯಾಟ್ ವಹಿಸಿರುವ ಕತ್ತಿವರಸೆಗಾರ ಲಿ ಮು ಬಾಯ್‌ನದು. ಆತ ಈ ಹುಡುಗಿಯನ್ನು ಶಿಷ್ಯೆಯಾಗಿಸಿಕೊಳ್ಳಲು ಹಂಬಲಿಸುತ್ತಿದ್ದಾನೆ. ಶೂ ಲಿಯೆನ್‌ಗಾದರೋ ಅವನನ್ನು ತನ್ನವನೆಂದು ಹೇಳಿಕೊಳ್ಳುವ ಹಕ್ಕಿಲ್ಲ. ಹಕ್ಕಿಲ್ಲದಿರುವುದಕ್ಕೆ ಕಾರಣ ಚಿತ್ರದಲ್ಲಿ ಒಮ್ಮೆಯೂ ಕಾಣಿಸಿಕೊಳ್ಳದ ಒಬ್ಬ ಮನುಷ್ಯ, ಮೆಂಗ್ ಸಿಝಾವ್. ಶೂ ಲಿಯೆನ್‌ಗೆ ನಿಶ್ಚಯವಾಗಿದ್ದ ವರ, ಲಿ ಮು ಬಾಯ್‌ಗೆ ಒಡಹುಟ್ಟಿದವನಂತಿದ್ದ ಗೆಳೆಯ. ಅವನು ಕಾಳಗದಲ್ಲಿ ಸತ್ತ. ಸತ್ತವನ ಗೌರವಕ್ಕೆ ಕುಂದು ಬರಬಾರದೆಂದು ಇವರಿಬ್ಬರೂ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡರು. ಲಿ ಮು ಬಾಯ್ ವಿಷವೇರಿ ಸಾಯುವಾಗ ಉಳಿದಿದ್ದ ಕೊನೆಯ ಉಸಿರನ್ನು ಮುಕ್ತಿಗಾಗಿ ಬಳಸದೆ, ಇಷ್ಟು ವರ್ಷ ಹೇಳದಿದ್ದ ಮಾತನ್ನು ಹೇಳಲು ಬಳಸಿದ. ಚಾವಣಿಗಳ ಮೇಲಿನ ಓಟ, ಬಿದಿರ ಮೆಳೆಯ ತುದಿಯ ತೂಗಾಟ, ಆಯುಧಶಾಲೆಯ ರೋಷ ಎಲ್ಲವೂ ಈ ಬಾಯಿಮುಚ್ಚಿದ ಇಬ್ಬರ ಸುತ್ತ ನಡೆಯುತ್ತವೆ. ಇವರು ಆಡಲಾರದ್ದನ್ನು ಅವರ ಕೈಗಳು ಆಡುತ್ತವೆ. ನಾನು ಬೇಕೆನ್ನುವ ‘ಮತ್ತೇನು’ ಇದು.

ಈಗ ಎರಡನೆಯ ಭಾಗಕ್ಕೆ ಬನ್ನಿ. ಡಾನಿ ಯೆನ್ ವಹಿಸಿರುವ, ‘ಸೈಲೆಂಟ್ ವುಲ್ಫ್’ ಎಂದು ಕರೆಸಿಕೊಳ್ಳುವ ಕತ್ತಿವರಸೆಗಾರ ಯಾರು ಗೊತ್ತೇ? ಮೆಂಗ್ ಸಿಝಾವ್. ಸತ್ತಿರಲಿಲ್ಲವಂತೆ.

ಮೊದಲ ಸಲ ನೋಡುವಾಗ ನಾನು ಚಿತ್ರವನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಹೆಸರು ಸರಿಯಾಗಿ ಕೇಳಿಸಿತೇ ಎಂದು ಪರೀಕ್ಷಿಸಿದೆ. ಸರಿಯಾಗಿಯೇ ಕೇಳಿಸಿತ್ತು. ಯಾರ ಸಾವಿನ ಮೇಲೆ ಮೊದಲ ಚಿತ್ರದ ಇಡೀ ಮೌನ ನಿಂತಿತ್ತೋ ಅವನು ಕುದುರೆಯೇರಿ, ಗಡ್ಡ ಬಿಟ್ಟುಕೊಂಡು, ಆರೋಗ್ಯವಾಗಿ ಬಂದು ನಿಂತಿದ್ದಾನೆ. ಎಂದರೆ ಲಿ ಮು ಬಾಯ್ ಮತ್ತು ಶೂ ಲಿಯೆನ್ ಬದುಕಿದ್ದವನೊಬ್ಬನಿಗಾಗಿ ಶೋಕ ಆಚರಿಸಿದರು. ಆ ಕೊನೆಯುಸಿರಿನ ಮಾತನ್ನು ಎಷ್ಟೋ ವರ್ಷ ಮೊದಲೇ ಆಡಬಹುದಿತ್ತು.

ಇಷ್ಟಕ್ಕೇ ಚಿತ್ರ ಕೆಟ್ಟಿತು ಎನ್ನುವವಳು ನಾನಲ್ಲ. ನನ್ನನ್ನು ಯಾರಾದರೂ ಕೇಳಬೇಕಾದ ಪ್ರಶ್ನೆ ಇಲ್ಲೇ ಇದೆ: ಅವನು ಬದುಕಿದ್ದಾನೆಂದು ತಿಳಿದ ಗಳಿಗೆಯಲ್ಲಿ ಶೂ ಲಿಯೆನ್ ಏನು ಮಾಡಬೇಕಿತ್ತು? ಇದನ್ನು ಯಾರಾದರೂ ಕೇಳಿದರೆ ನಾನು ಒಂದು ಸಂಜೆಯಿಡೀ ಮಾತಾಡಬಲ್ಲೆ. ಸತ್ತವನು ಮರಳಿ ಬರುವುದು ಅಗ್ಗದ ತಂತ್ರವೇ ಆಗಬೇಕಿಲ್ಲ. ಇದಕ್ಕಿಂತ ಕ್ರೂರವಾದ ಸನ್ನಿವೇಶವನ್ನು ಯಾವ ಕಥೆಗಾರನೂ ಕಟ್ಟಲಾರ. ತನ್ನ ಜೀವನದ ಅತ್ಯಂತ ಗೌರವದ ತ್ಯಾಗಕ್ಕೆ ಬುಡವೇ ಇರಲಿಲ್ಲ ಎಂದು ತಿಳಿದ ಹೆಂಗಸು, ತಾನು ಪ್ರೀತಿಸಿದವನನ್ನು ಆ ತ್ಯಾಗಕ್ಕೇ ಬಲಿಕೊಟ್ಟವಳು, ಕೈಯಲ್ಲಿ ಕತ್ತಿ ಹಿಡಿದು ಆ ಇನ್ನೊಬ್ಬನ ಎದುರು ನಿಂತಿದ್ದಾಳೆ. ಈ ಇಬ್ಬರ ನಡುವೆ ಒಂದು ಕಾಳಗ ಬೇಕಿತ್ತು. ಆಯುಧಶಾಲೆಯಲ್ಲಿ ಒಂದೊಂದೇ ಆಯುಧ ತುಂಡಾದ ಹಾಗೆ, ಅವನ ಒಂದೊಂದೇ ಸಬೂಬು ತುಂಡಾಗುವಂಥ ಕಾಳಗ. ಅದನ್ನು ಸಂಯೋಜಿಸಬಲ್ಲವರು ಜಗತ್ತಿನಲ್ಲಿ ನಾಲ್ಕೈದು ಜನರಿದ್ದರೆ ಅವರಲ್ಲೊಬ್ಬರು ನಿರ್ದೇಶಕರ ಕುರ್ಚಿಯಲ್ಲೇ ಕುಳಿತಿದ್ದರು. ಅದನ್ನು ಆಡಬಲ್ಲ ಇಬ್ಬರೂ ಎದುರಿಗಿದ್ದರು.

ಚಿತ್ರ ಇದನ್ನು ಕೆಲವೇ ಮಾತುಗಳಲ್ಲಿ ಮುಗಿಸಿ, ಮುಂದಿನ ಫೈಟಿಗೆ ಹೋಗುತ್ತದೆ. ಕತ್ತಿಯನ್ನು ಕದಿಯಲು ಬರುವವನೊಬ್ಬ ಖಳನಿದ್ದಾನೆ, ಹುಟ್ಟಿದಾಗ ಅದಲುಬದಲಾದ ಮಕ್ಕಳಿದ್ದಾರೆ, ಕಡೆಗೊಂದು ಗೋಪುರವಿದೆ. ಎಲ್ಲರೂ ಚೆನ್ನಾಗಿ ಹೊಡೆದಾಡುತ್ತಾರೆ. ಮಂಜುಗಡ್ಡೆಯ ಕೆರೆಯ ಆ ದೃಶ್ಯವನ್ನು ಕತ್ತರಿಸಿ ತೆಗೆದರೆ ಕಥೆಯಲ್ಲಿ ಯಾರಿಗೂ ಏನೂ ವ್ಯತ್ಯಾಸವಾಗುವುದಿಲ್ಲ. ಆಯುಧಶಾಲೆಯ ದೃಶ್ಯವನ್ನು ತೆಗೆದು ನೋಡಿ, ಆಮೇಲೆ ಶೂ ಲಿಯೆನ್ ಎಂಬವಳು ಯಾರೆಂದೇ ನಮಗೆ ತಿಳಿದಿರುವುದಿಲ್ಲ.

ಇಷ್ಟನ್ನೆಲ್ಲ ಆ ಸಹೋದ್ಯೋಗಿಗೆ ಸಂಜೆ ಸಂದೇಶಗಳಲ್ಲಿ, ಒಂದರ ಹಿಂದೊಂದರಂತೆ, ಬರೆದು ಕಳುಹಿಸಿದೆ. ಹುಡುಗ ಒಳ್ಳೆಯವನು, ಎರಡು ದಿನ ಬಿಟ್ಟು ಮೊದಲ ಚಿತ್ರವನ್ನು ಪೂರ್ತಿ ನೋಡಿ ಉತ್ತರ ಬರೆದ. “ಮೇಡಂ, ಮೆಂಗ್ ಯಾವ ಸೀನಲ್ಲಿ ಬರ್ತಾನೆ? ಮಿಸ್ ಮಾಡ್ಕೊಂಡೆ ಅನ್ಸುತ್ತೆ.”

ಯಾವ ದೃಶ್ಯದಲ್ಲೂ ಬರುವುದಿಲ್ಲ ಎಂದು ಬರೆದೆ.

ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು ಬಂತು. “ಹಾಗಾದ್ರೆ ಅವನಿಗೆ ಒಂದೂ ಫೈಟ್ ಇಲ್ವಾ?”