405 ಲೇಸರಿಗೆ ಹೊಂದುವ ಕೂಮರಿನ್: ಕಲಬುರಗಿ ಬೇಸಿಗೆಯಲ್ಲಿ ಮಾಡುವುದು, ಅಳೆಯುವುದು

ಎಂಎಸ್ಸಿ ಪ್ರಾಜೆಕ್ಟಿಗೆ ಫ್ಲೋರೆಸೆಂಟ್ ಡೈ, ಅಂದರೆ ಒಂದು ಬೆಳಕು ಹೀರಿ ಇನ್ನೊಂದು ಬಣ್ಣದಲ್ಲಿ ಹೊಳೆಯುವ ಪದಾರ್ಥ ಬೇಕೆಂದರೆ ಮೊದಲು ಬರುವ ಹೆಸರು 7-ಹೈಡ್ರಾಕ್ಸಿ-4-ಮೀಥೈಲ್ ಕೂಮರಿನ್. ರೆಸಾರ್ಸಿನಾಲ್, ಈಥೈಲ್ ಅಸಿಟೋಅಸಿಟೇಟ್, ಸಾಂದ್ರ ಸಲ್ಫ್ಯೂರಿಕ್ ಆಸಿಡ್ ಇಷ್ಟಿದ್ದರೆ ಸಾಕು, ಬಿಎಸ್ಸಿ ಲ್ಯಾಬಿನಲ್ಲೂ ಆಗುತ್ತದೆ. ಯುವಿ ದೀಪದ ಕೆಳಗೆ ಚೆಂದವಾಗಿ ನೀಲಿ ಹೊಳೆಯುತ್ತದೆ. ತೊಂದರೆ ಶುರುವಾಗುವುದು ಲೇಸರ್ ತಂದ ಮೇಲೆ. ಈ ಡೈ ಬೆಳಕು ಹೀರುವುದು ತಟಸ್ಥ ದ್ರಾವಣದಲ್ಲಿ 320 ನ್ಯಾನೋಮೀಟರ್ ಸುತ್ತ, ಕ್ಷಾರದಲ್ಲಿ 360ರ ಸುತ್ತ. ಅಗ್ಗಕ್ಕೆ ಸಿಗುವ ನೇರಳೆ ಡಯೋಡ್ ಲೇಸರ್ 405 ನ್ಯಾನೋಮೀಟರಿನದು. ಅಷ್ಟು ದೂರಕ್ಕೆ ಡೈನ ಹೀರಿಕೆಯ ಬಾಲ ಮಾತ್ರ ಮುಟ್ಟುತ್ತದೆ. ಹೊಳಪು ಸಾಲದೆಂದು ಡೈ ಹೆಚ್ಚು ಹಾಕುತ್ತಾರೆ, ಆಮೇಲೆ ಬರುವ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ. ಮೊದಲು ಲೇಸರ್ ನೋಡಿ, ಆಮೇಲೆ ಡೈ ಆರಿಸಿ.

405ಕ್ಕೆ ನನ್ನ ಆಯ್ಕೆ ಈಥೈಲ್ 7-ಡೈಈಥೈಲ್ಅಮಿನೋಕೂಮರಿನ್-3-ಕಾರ್ಬಾಕ್ಸಿಲೇಟ್. ಎಥನಾಲಿನಲ್ಲಿ ಇದರ ಹೀರಿಕೆಯ ಶಿಖರ 420ರ ಆಸುಪಾಸು, ಹೊರಸೂಸುವಿಕೆ 465ರ ಆಸುಪಾಸು. 405ರಲ್ಲಿ ಸಾಕಷ್ಟು ಹೀರುತ್ತದೆ, 450ರ ನೀಲಿ ಲೇಸರಿನಲ್ಲೂ ಸ್ವಲ್ಪ ಹೀರುತ್ತದೆ. ಈ ಎರಡನೆಯದರ ಉಪಯೋಗ ಮುಂದೆ ಬರುತ್ತದೆ.

ಮಾಡುವ ಕ್ರಮ ಹೀಗೆ. 4-ಡೈಈಥೈಲ್ಅಮಿನೋ ಸ್ಯಾಲಿಸಿಲಾಲ್ಡಿಹೈಡ್ 1.93 ಗ್ರಾಂ, ಅಂದರೆ 10 ಮಿಲಿಮೋಲ್. ಡೈಈಥೈಲ್ ಮೆಲೋನೇಟ್ 3 ಮಿಲಿ, ಅದು ಸುಮಾರು 20 ಮಿಲಿಮೋಲ್. ಎಥನಾಲ್ 30 ಮಿಲಿ, ಪಿಪೆರಿಡೀನ್ 1 ಮಿಲಿ. 100 ಮಿಲಿ ದುಂಡು ತಳದ ಫ್ಲಾಸ್ಕಿನಲ್ಲಿ ಆರು ತಾಸು ರಿಫ್ಲಕ್ಸ್, ಅಂದರೆ ಆವಿಯನ್ನು ಮೇಲಿನ ಕಂಡೆನ್ಸರಿನಲ್ಲಿ ತಣಿಸಿ ಮರಳಿ ಬೀಳಿಸುತ್ತಾ ಕುದಿಸುವುದು. ಪಿಪೆರಿಡೀನ್ ಘಾಟು ಬಹಳ, ಫ್ಯೂಮ್ ಹುಡ್ ಬಿಟ್ಟು ಹೊರಗೆ ಸೀಸೆ ತೆರೆಯಬೇಡಿ. ಆಲ್ಡಿಹೈಡ್ ಹಳೆಯದಾಗಿ ಕಂದು ತಿರುಗಿದ್ದರೆ ಮೊದಲು ಅದನ್ನೇ ಮರುಸ್ಫಟಿಕ ಮಾಡಿಕೊಳ್ಳಿ (ಬಿಸಿ ದ್ರಾವಕದಲ್ಲಿ ಕರಗಿಸಿ, ತಣಿಸಿ ಮತ್ತೆ ಹರಳು ಕಟ್ಟಿಸುವುದು). ಆ ಕಂದು ಕೊಳೆ ಕೊನೆಯವರೆಗೂ ಜೊತೆ ಬಿಡುವುದಿಲ್ಲ.

ಕಲಬುರಗಿಯಲ್ಲಿ ಈ ಆರು ತಾಸು ಕೆಡುವುದು ಕಂಡೆನ್ಸರಿನಿಂದ. ಏಪ್ರಿಲ್, ಮೇ ತಿಂಗಳಲ್ಲಿ ಮಾಳಿಗೆ ಟ್ಯಾಂಕಿನ ನೀರು ನಲ್ಲಿಯಲ್ಲಿ ಬರುವಾಗಲೇ ಕಾದಿರುತ್ತದೆ. 78 ಡಿಗ್ರಿಗೆ ಕುದಿಯುವ ಎಥನಾಲಿನ ಆವಿಯನ್ನು ಅದು ಪೂರ್ತಿ ತಡೆಯಲಾರದು. ಸಂಜೆಗೆ ಫ್ಲಾಸ್ಕ್ ತಳದಲ್ಲಿ ಅಂಟು ಮಾತ್ರ ಉಳಿದಿರುತ್ತದೆ. ಪರಿಹಾರ ಸುಲಭ: ಏರ್ ಕೂಲರಿನ ಚಿಕ್ಕ ಪಂಪನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಐಸ್ ಹಾಕಿ, ಅದೇ ನೀರನ್ನು ಕಂಡೆನ್ಸರಿಗೆ ಸುತ್ತಿಸಿ. ತಾಸಿಗೊಮ್ಮೆ ಐಸ್ ಸೇರಿಸಿದರಾಯಿತು. ನೀರೂ ಉಳಿಯುತ್ತದೆ, ನಮ್ಮ ಗಡಸು ನೀರು ಕಂಡೆನ್ಸರ್ ಒಳಗೆ ಬಿಳಿ ಪೊರೆ ಕಟ್ಟುವುದೂ ತಪ್ಪುತ್ತದೆ. ಕರೆಂಟ್ ಹೋದರೆ ಫ್ಲಾಸ್ಕ್ ಕಾಯಿಸುವ ಮ್ಯಾಂಟಲ್ ಜೊತೆಗೆ ಪಂಪೂ ನಿಲ್ಲುತ್ತದೆ. ಆದರೆ ಪಂಪ್ ಮಾತ್ರ ಕೆಟ್ಟು ಮ್ಯಾಂಟಲ್ ಕಾಯುತ್ತಲೇ ಇದ್ದರೆ ಅಪಾಯ, ಹಾಗಾಗಿ ಫ್ಲಾಸ್ಕ್ ಬಿಟ್ಟು ಊಟಕ್ಕೆ ಹೋಗುವಂತಿಲ್ಲ.

ರಿಫ್ಲಕ್ಸ್ ಮುಗಿದ ಮೇಲೆ ಎಥನಾಲನ್ನು ಹತ್ತು ಮಿಲಿಗೆ ಇಳಿಸಿ ಐಸಿನಲ್ಲಿ ತಣ್ಣಗೆ ಮಾಡಿ. ಹಳದಿ ಹರಳು ಬರಬೇಕು. ಬಹಳ ಸಲ ಹರಳಿನ ಬದಲು ಎಣ್ಣೆ ಬರುತ್ತದೆ. ಈ ಪದಾರ್ಥ ಕರಗುವುದೇ 80 ಡಿಗ್ರಿ ಆಸುಪಾಸಿನಲ್ಲಿ, ಜೊತೆಗೆ ಉಳಿದ ಮೆಲೋನೇಟ್ ಬೇರೆ ಇದ್ದು ಹರಳು ಕಟ್ಟಲು ಬಿಡುವುದಿಲ್ಲ. ಗಾಜಿನ ಕಡ್ಡಿಯಿಂದ ಫ್ಲಾಸ್ಕ್ ಗೋಡೆ ಗೀಚಿ, ಹಳೆಯ ಬ್ಯಾಚಿನ ಒಂದು ಹರಳಿದ್ದರೆ ಹಾಕಿ, ಫ್ರಿಜ್ಜಿನಲ್ಲಿ ರಾತ್ರಿಯಿಡೀ ಬಿಡಿ. ಸೋಸಿ, ತಣ್ಣನೆಯ ಎಥನಾಲ್ ಸ್ವಲ್ಪವೇ ಹಾಕಿ ತೊಳೆದು, ಎಥನಾಲ್-ನೀರಿನಲ್ಲಿ ಮರುಸ್ಫಟಿಕ ಮಾಡಿ. ಲೆಕ್ಕದ ಪ್ರಕಾರ 2.89 ಗ್ರಾಂ ಬರಬೇಕು, ಎರಡು ಗ್ರಾಂ ದಾಟಿದರೆ ಸಾಕು. ಹೆಚ್ಚು ಬಂದಿದೆಯೆಂದು ಹಿಗ್ಗುವ ಮೊದಲು ಒಣಗಿದೆಯೋ ಇಲ್ಲವೋ ನೋಡಿ.

ಟಿಎಲ್‌ಸಿ (ತೆಳು ಪದರದ ಪ್ಲೇಟಿನ ಮೇಲೆ ಪದಾರ್ಥಗಳನ್ನು ಬೇರ್ಪಡಿಸಿ ಶುದ್ಧತೆ ನೋಡುವ ವಿಧಾನ) ನೋಡುವಾಗ ಒಂದು ಎಚ್ಚರ. ಹೆಕ್ಸೇನ್ ಏಳು ಪಾಲು, ಈಥೈಲ್ ಅಸಿಟೇಟ್ ಮೂರು ಪಾಲಿನಲ್ಲಿ ಓಡಿಸಿ 365ರ ದೀಪದ ಕೆಳಗೆ ಹಿಡಿದರೆ ಡೈ ಕಣ್ಣು ಕುಕ್ಕುತ್ತದೆ, ಹೊಳೆಯದ ಕಲ್ಮಶ ಎಷ್ಟಿದ್ದರೂ ಕಾಣುವುದಿಲ್ಲ. ಆದ್ದರಿಂದ 254ರ ದೀಪದಲ್ಲೂ, ಅಯೋಡಿನ್ ಡಬ್ಬಿಯಲ್ಲೂ ಅದೇ ಪ್ಲೇಟ್ ನೋಡಲೇಬೇಕು. ಕರಗುವ ಉಷ್ಣಾಂಶದ ವ್ಯಾಪ್ತಿ ಎರಡು ಡಿಗ್ರಿಗಿಂತ ಅಗಲವಾದರೆ ಇನ್ನೊಮ್ಮೆ ಮರುಸ್ಫಟಿಕ.

ಈಗ ದ್ರಾವಣ. ನಾನು ನೋಡುವ ತಪ್ಪು ಅಳತೆಗಳಲ್ಲಿ ಹೆಚ್ಚಿನವು ಇಲ್ಲಿಯವೇ, ಲೇಸರಿನವಲ್ಲ. ಅಣುತೂಕ 289.3, ಹಾಗಾಗಿ 1 ಮಿಲಿಮೋಲಾರ್ ಸ್ಟಾಕಿಗೆ (ಗಟ್ಟಿ ಮೂಲ ದ್ರಾವಣಕ್ಕೆ) 10 ಮಿಲಿಯಲ್ಲಿ 2.9 ಮಿಲಿಗ್ರಾಂ ಸಾಕು. ಆದರೆ ನಾಲ್ಕು ದಶಮಾಂಶದ ತಕ್ಕಡಿಯಲ್ಲಿ 0.1 ಮಿಲಿಗ್ರಾಂ ಹೆಚ್ಚುಕಡಿಮೆಯಾದರೆ ಅಲ್ಲಿಗೇ ಶೇ 3 ತಪ್ಪು. 28.9 ಮಿಲಿಗ್ರಾಂ ತೂಗಿ 100 ಮಿಲಿ ಫ್ಲಾಸ್ಕಿಗೆ ಹಾಕಿ. ಅದರಿಂದ 1 ಮಿಲಿ ತೆಗೆದು 10ಕ್ಕೆ, ಆ ದ್ರಾವಣದ 0.2 ಮಿಲಿ ತೆಗೆದು ಮತ್ತೆ 10ಕ್ಕೆ ಏರಿಸಿದರೆ 2 ಮೈಕ್ರೋಮೋಲಾರ್. 405ರಲ್ಲಿ ಅಬ್ಸಾರ್ಬೆನ್ಸ್ (ಬೆಳಕು ಹೀರುವ ಅಳತೆ) 0.05ರ ಆಸುಪಾಸು ಬರುತ್ತದೆ. ಅಷ್ಟೇ ಬೇಕಾದದ್ದು. ಕಣ್ಣಿಗೆ ಆ ದ್ರಾವಣ ಬರೀ ನೀರಿನಂತೆ ಕಾಣುತ್ತದೆ, ಅದನ್ನು ನೋಡಿ ಧೈರ್ಯ ಸಾಲದೆ ಸ್ಟಾಕನ್ನೇ ಕ್ಯುವೆಟ್ಟಿಗೆ (ಅಳತೆಯ ಚಿಕ್ಕ ಚೌಕ ಪಾತ್ರೆಗೆ) ಸುರಿಯುವವರು ಬಹಳ.

ಸುರಿದರೆ ಏನಾಗುತ್ತದೆ? 1 ಮಿಲಿಮೋಲಾರಿನಲ್ಲಿ ಅಬ್ಸಾರ್ಬೆನ್ಸ್ 30ರಷ್ಟಾಗುತ್ತದೆ. ಲೇಸರ್ ಬೆಳಕಿನ ಶೇ 90 ಭಾಗ ಮೊದಲ ಮಿಲಿಮೀಟರಿನ ಮೂರನೇ ಒಂದು ಪಾಲಿನಲ್ಲೇ ಮುಗಿದುಹೋಗುತ್ತದೆ. 90 ಡಿಗ್ರಿಯಲ್ಲಿ ಕ್ಯುವೆಟ್ ನಡುಮಧ್ಯ ನೋಡುತ್ತಿರುವ ಡಿಟೆಕ್ಟರಿಗೆ ಕತ್ತಲೆ. ಲೇಸರ್ ಒಳಗೆ ಬರುವ ಗಾಜಿಗೆ ಅಂಟಿಕೊಂಡು ಒಂದು ತೆಳು ನೀಲಿ ಪೊರೆ ಮಾತ್ರ ಹೊಳೆಯುತ್ತಿರುತ್ತದೆ. ಸಾಂದ್ರತೆ ಹೆಚ್ಚಿಸಿದಷ್ಟೂ ಸಿಗ್ನಲ್ ಇಳಿಯಿತು ಎಂದು ಪ್ರಾಜೆಕ್ಟ್ ವರದಿಯಲ್ಲಿ ‘ಕ್ವೆಂಚಿಂಗ್’ (ಹೊಳಪು ನಂದುವುದು) ಎಂದು ಬರೆದು, ಅದನ್ನು ಅಳೆಯುವ ಸ್ಟರ್ನ್-ವೋಲ್ಮರ್ ಗ್ರಾಫನ್ನೂ ಹಾಕಿಬಿಡುತ್ತಾರೆ. ಅದು ಕ್ವೆಂಚಿಂಗ್ ಅಲ್ಲ, ಇನ್ನರ್ ಫಿಲ್ಟರ್: ಡೈ ತಾನೇ ಬೆಳಕನ್ನು ದಾರಿಯಲ್ಲೇ ತಡೆಯುವುದು. ಜೊತೆಗೆ ಹೊರಸೂಸಿದ ಬೆಳಕಿನ ನೀಲಿ ಅಂಚನ್ನು ಡೈ ತಾನೇ ಮತ್ತೆ ಹೀರುವುದರಿಂದ ಶಿಖರ ಕೆಂಪಿನ ಕಡೆ ಸರಿದಂತೆಯೂ ಕಾಣುತ್ತದೆ. ದ್ರಾವಣವನ್ನು ಅರ್ಧಕ್ಕೆ ತೆಳು ಮಾಡಿ, ಶಿಖರದ ಜಾಗ ಅಲುಗಿದರೆ ಇನ್ನೂ ಗಟ್ಟಿಯಾಗಿದೆ ಎಂದೇ ಲೆಕ್ಕ.

ದ್ರಾವಕದ ಮಾತು ಬಂತೆಂದರೆ, ಡಿನೇಚರ್ಡ್ ಸ್ಪಿರಿಟ್ ಬೇಡವೇ ಬೇಡ. ಕುಡಿಯದಂತೆ ಬೆರೆಸಿದ ವಸ್ತುಗಳು, ಕೆಲವೊಮ್ಮೆ ನೇರಳೆ ಬಣ್ಣವೂ ಅದರಲ್ಲಿರುತ್ತದೆ. ಶುದ್ಧ ಎಥನಾಲಿಗೆ ಅಬಕಾರಿ ಪರವಾನಗಿಯ ತಾಪತ್ರಯ ಇದ್ದೇ ಇದೆ. ಸಿಗದಿದ್ದರೆ ಈಥೈಲ್ ಅಸಿಟೇಟ್ ಅಥವಾ ಅಸಿಟೋನೈಟ್ರೈಲ್ ಹಿಡಿಯಿರಿ. ನೀರಿನಲ್ಲಿ ಈ ಡೈ ಸರಿಯಾಗಿ ಕರಗುವುದೂ ಇಲ್ಲ, ಹೊಳೆಯುವುದೂ ಇಲ್ಲ: ಉದ್ರಿಕ್ತ ಸ್ಥಿತಿಯಲ್ಲಿ ಡೈಈಥೈಲ್ಅಮಿನೋ ಗುಂಪು ತಿರುಚಿಕೊಂಡು ಶಕ್ತಿ ಬೆಳಕಾಗದೆ ಶಾಖವಾಗಿ ಹೋಗುತ್ತದೆ.

ಕ್ಯುವೆಟ್ಟನ್ನು ಬಟ್ಟೆ ಸೋಪಿನ ಪುಡಿಯಲ್ಲಿ ತೊಳೆಯಬೇಡಿ. ಬಟ್ಟೆ ಬಿಳುಪಾಗಿ ಕಾಣಲೆಂದು ಅದರಲ್ಲಿ ಹಾಕುವ ಬ್ರೈಟನರ್ ಕೂಡ ಒಂದು ಫ್ಲೋರೆಸೆಂಟ್ ಡೈ, ನೀಲಿಯಲ್ಲೇ ಹೊಳೆಯುತ್ತದೆ. ಊಟ ಮಾಡಿದ ಕೈಯೂ ಹಾಗೆಯೇ. ಬೆರಳಿಗೆ ಹತ್ತಿದ ಅರಿಶಿನದ ಕುರ್ಕುಮಿನ್ 405ಕ್ಕೆ ಹಸಿರು-ಹಳದಿ ಹೊಳೆಯುತ್ತದೆ. ಬದನೆಕಾಯಿ ಪಲ್ಲೆ ಉಂಡು ಬಂದವರ ಬೆರಳಚ್ಚು ಕ್ಯುವೆಟ್ ಮೇಲೆ ಸ್ಪಷ್ಟವಾಗಿ ಓದಬಹುದು!

ಲೇಸರ್ ಜೋಡಣೆಗೆ ನಮ್ಮಲ್ಲಿ ಒಂದು ಅನುಕೂಲವಿದೆ: ಶಹಾಬಾದ್ ಫರ್ಸಿ. ಎರಡು ಅಡಿ ಚೌಕ, ಒಂದೂವರೆ ಇಂಚು ದಪ್ಪದ ಕಲ್ಲು 35 ಕಿಲೋ ದಾಟುತ್ತದೆ. ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬಿನ ಮೇಲೆ ಕೂರಿಸಿದರೆ ಫ್ಯಾನಿನ ಅದುರು, ರಸ್ತೆಯ ಅದುರು ಮುಟ್ಟುವುದಿಲ್ಲ. ಮೇಲೆ ಶಾಲೆಯ ಕರಿಹಲಗೆಗೆ ಬಳಿಯುವ ಮಂಕು ಕಪ್ಪು ಪೇಂಟ್ ಬಳಿಯಿರಿ. ಆದರೆ ಅದು ಸುಣ್ಣದ ಕಲ್ಲು. ಆಸಿಡ್ ಚೆಲ್ಲಿದರೆ ನೊರೆ ಉಕ್ಕಿ ಗುಳಿ ಬೀಳುತ್ತದೆ, ಆದ್ದರಿಂದ ರಸಾಯನದ ಕೆಲಸ ಬೇರೆ ಮೇಜಿನ ಮೇಲೆ.

5 ಮಿಲಿವ್ಯಾಟ್ ಮಾಡ್ಯೂಲ್ ಸಾಕು, ಅದಕ್ಕಿಂತ ಹೆಚ್ಚು ಬೇಡ. ಬೆಳಕಿನ ಎತ್ತರ ಕುಳಿತವರ ಕಣ್ಣಿಗಿಂತ ಕೆಳಗಿರಲಿ. ಕೈಗಡಿಯಾರ, ಉಂಗುರ ತೆಗೆದಿಡಿ. 405 ನಮ್ಮ ಕಣ್ಣಿಗೆ ಮಂಕು, ಆದರೆ ಕಣ್ಣಿನೊಳಗೆ ಹೋಗುವ ಶಕ್ತಿ ಮಂಕಲ್ಲ, 405ಕ್ಕೆಂದೇ ಇರುವ ಕನ್ನಡಕ ಹಾಕಿ. ಹಸಿರು 532ರ ಅಗ್ಗದ ಮಾಡ್ಯೂಲುಗಳಿಂದ 808 ಮತ್ತು 1064ರ ಕಾಣದ ಬೆಳಕೂ ಸೋರುತ್ತದೆ, ಹಸಿರನ್ನು ತಡೆಯುವ ಕನ್ನಡಕ ಅದನ್ನು ತಡೆಯುತ್ತದೆಂಬ ಖಾತರಿ ಇಲ್ಲ. ಲೇಸರ್ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟೇ ಅಳತೆ ಶುರು ಮಾಡಿ, ಡಯೋಡ್ ಬಿಸಿಯಾಗುತ್ತಾ ಹೋದಂತೆ ಅದರ ಶಕ್ತಿ ಬದಲಾಗುತ್ತದೆ. ಡಿಟೆಕ್ಟರಿನ ಮುಂದೆ 425 ಅಥವಾ 435ರ ಲಾಂಗ್-ಪಾಸ್ ಫಿಲ್ಟರ್, ಅಂದರೆ ಅದಕ್ಕಿಂತ ಉದ್ದದ ತರಂಗಾಂತರವನ್ನಷ್ಟೇ ಬಿಡುವ ಫಿಲ್ಟರ್.

ಸ್ಪೆಕ್ಟ್ರೋಮೀಟರ್ ಇಲ್ಲದವರು ಡಿವಿಡಿ ತುಂಡು, ವೆಬ್‌ಕ್ಯಾಮ್ ಜೋಡಿಸಿಕೊಳ್ಳುತ್ತಾರೆ. ಡಿವಿಡಿಯ ಗೆರೆಗಳ ಅಂತರ 0.74 ಮೈಕ್ರಾನ್, ಅಂದರೆ ಮಿಲಿಮೀಟರಿಗೆ 1350 ಗೆರೆ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್ ಆಗಿ ಸಾಕಷ್ಟು ಒಳ್ಳೆಯದು. ಹಳೆಯ ಟ್ಯೂಬ್‌ಲೈಟಿನ ಪಾದರಸದ ಗೆರೆಗಳು 435.8 ಮತ್ತು 546.1 ಇಟ್ಟುಕೊಂಡು ಅಳತೆಪಟ್ಟಿ ಹಾಕಬಹುದು. ಇದರಲ್ಲಿ ತರಂಗಾಂತರ ನಂಬಿ, ತೀವ್ರತೆ ನಂಬಬೇಡಿ: ಕ್ಯಾಮೆರಾ ತನ್ನಷ್ಟಕ್ಕೇ ಎಕ್ಸ್‌ಪೋಶರ್ ಬದಲಿಸುತ್ತಿರುತ್ತದೆ.

ಮೊದಲ ಅಳತೆ ಡೈ ಇಲ್ಲದ ಬರೀ ಎಥನಾಲಿನದು. 459ರ ಹತ್ತಿರ ಒಂದು ಚಿಕ್ಕ ಉಬ್ಬು ಕಂಡರೆ ಗಾಬರಿ ಬೇಡ, ಅದು ಎಥನಾಲಿನ ರಾಮನ್ ಚದುರಿಕೆ, ಅಂದರೆ ದ್ರಾವಕದ ಅಣುಗಳು ಸ್ವಲ್ಪ ಶಕ್ತಿ ಹಿಡಿದುಕೊಂಡು ಚದುರಿಸಿದ ಲೇಸರ್ ಬೆಳಕು. 405ರಿಂದ ಸುಮಾರು 2930 ತರಂಗಸಂಖ್ಯೆ ಕಳೆದರೆ ಬರುವ ಜಾಗ ಅದು. ದುರದೃಷ್ಟಕ್ಕೆ ನಮ್ಮ ಡೈನ ಶಿಖರದ ಮೈಮೇಲೆಯೇ ಬೀಳುತ್ತದೆ, ಹಾಗಾಗಿ ಕಳೆಯಲೇಬೇಕು. ಅನುಮಾನವಿದ್ದರೆ 450ರ ಲೇಸರ್ ಹಾಕಿ ನೋಡಿ. ರಾಮನ್ 518ಕ್ಕೆ ಜಿಗಿಯುತ್ತದೆ, ಡೈನ ಹೊಳಪು ಇದ್ದಲ್ಲೇ ಇರುತ್ತದೆ. 405 ಮತ್ತು 450 ಎರಡರಲ್ಲೂ, ಫಿಲ್ಟರ್ ಮುಚ್ಚದ ಭಾಗದಲ್ಲಿ, ಹೊರಸೂಸುವಿಕೆಯ ಆಕಾರ ಒಂದರ ಮೇಲೊಂದು ಕೂತರೆ ಹೊಳೆಯುತ್ತಿರುವುದು ಒಂದೇ ಪದಾರ್ಥ. ಆಕಾರ ಬೇರೆಯಾದರೆ ಎರಡನೆಯದೊಂದು ಸೇರಿದೆ, ಮತ್ತೆ ಮರುಸ್ಫಟಿಕಕ್ಕೆ ಹೋಗಿ.

ಕ್ವಾಂಟಮ್ ಯೀಲ್ಡಿಗೆ, ಅಂದರೆ ಹೀರಿದ ಫೋಟಾನುಗಳಲ್ಲಿ ಎಷ್ಟು ಪಾಲು ಬೆಳಕಾಗಿ ಹೊರಬರುತ್ತದೆಂಬ ಅಳತೆಗೆ, ಹೋಲಿಕೆಯ ಡೈ ಬೇಕು. ಎಲ್ಲರ ಕಪಾಟಿನಲ್ಲೂ ಇರುವುದು ಕ್ವಿನೈನ್ ಸಲ್ಫೇಟ್, ಸಲ್ಫ್ಯೂರಿಕ್ ಆಸಿಡಿನಲ್ಲಿ 0.54. ಆದರೆ ಅದನ್ನು ಪ್ರಚೋದಿಸುವುದು 350ರಲ್ಲಿ, 405ರಲ್ಲಿ ಅದು ಹೆಚ್ಚುಕಡಿಮೆ ಕುರುಡು. ಅಲ್ಲದೆ ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೆ ಕ್ಲೋರೈಡ್ ಅದರ ಹೊಳಪು ಕೊಲ್ಲುತ್ತದೆ. ನಮಗೆ ಸರಿಹೊಂದುವುದು ಎಥನಾಲಿನಲ್ಲಿ ಕೂಮರಿನ್ 153. ಹಳೆಯ ಪ್ರಬಂಧಗಳಲ್ಲಿ ಅದರ ಮೌಲ್ಯ 0.38, ಈಚಿನ ಅಳತೆಗಳಲ್ಲಿ 0.53ರ ಹತ್ತಿರ. ಯಾವುದನ್ನು ಹಿಡಿದಿರಿ ಎಂದು ಬರೆಯದಿದ್ದರೆ ನಿಮ್ಮ ಅಂಕಿ ಯಾರ ಉಪಯೋಗಕ್ಕೂ ಬಾರದು.

ಎರಡೂ ಡೈಗಳಿಗೆ ಅಬ್ಸಾರ್ಬೆನ್ಸ್ 0.02ರಿಂದ 0.10ರವರೆಗೆ ಬರುವಂತೆ ಐದೈದು ದ್ರಾವಣ ಮಾಡಿ. ಅಬ್ಸಾರ್ಬೆನ್ಸ್ ಓದಬೇಕಾದದ್ದು ಶಿಖರದಲ್ಲಲ್ಲ, ಲೇಸರ್ ಬೀಳುವ ತರಂಗಾಂತರದಲ್ಲಿ. ಅದೂ ಮಾಡ್ಯೂಲ್ ಮೇಲೆ 405 ಎಂದು ಬರೆದಿದ್ದರೂ ನಿಜದಲ್ಲಿ 402 ಇರಬಹುದು, 408 ಇರಬಹುದು. ಮೊದಲು ಅಳೆದುಕೊಳ್ಳಿ, ಹೀರಿಕೆಯ ಏರುದಾರಿಯಲ್ಲಿ ಮೂರು ನ್ಯಾನೋಮೀಟರ್ ಸಣ್ಣ ಮಾತಲ್ಲ. ಅಬ್ಸಾರ್ಬೆನ್ಸ್ 0.10 ಇದ್ದಾಗ ದ್ರಾವಣ ನಿಜಕ್ಕೂ ಹೀರುವುದು ಶೇ 20.6, ನೇರ ಅನುಪಾತದ ಲೆಕ್ಕ ಹೇಳುವುದು ಶೇ 23. ಹಾಗಾಗಿ ಗ್ರಾಫಿನ ಅಡ್ಡಗೆರೆಯಲ್ಲಿ ಹೀರಿದ ಪಾಲನ್ನೇ ಇಡಿ, ಲಂಬಗೆರೆಯಲ್ಲಿ ಹೊರಸೂಸುವಿಕೆಯ ಒಟ್ಟು ವಿಸ್ತೀರ್ಣ. ಗೆರೆ ನೇರವಾಗಿ ಸೊನ್ನೆಯ ಮೂಲಕ ಹೋಗಬೇಕು. ಮೇಲೆ ಹೋಗುತ್ತಾ ಬಾಗಿದರೆ ದ್ರಾವಣ ಗಟ್ಟಿ, ಸೊನ್ನೆ ತಪ್ಪಿದರೆ ಬ್ಲ್ಯಾಂಕ್ (ಬರೀ ಎಥನಾಲಿನ ಅಳತೆ) ಸರಿಯಾಗಿ ಕಳೆದಿಲ್ಲ. ಎರಡು ಇಳಿಜಾರುಗಳ ಅನುಪಾತವನ್ನು ಕೂಮರಿನ್ 153ರ ಮೌಲ್ಯಕ್ಕೆ ಗುಣಿಸಿದರೆ ಉತ್ತರ. ಎರಡೂ ಎಥನಾಲಿನಲ್ಲೇ ಇರುವುದರಿಂದ ವಕ್ರೀಭವನದ ತಿದ್ದುಪಡಿ ಬೇಕಿಲ್ಲ. ಹೋಲಿಕೆಯ ಡೈ ನೀರಿನಲ್ಲಿದ್ದರೆ 1.361 ಮತ್ತು 1.333ರ ವರ್ಗಗಳ ಅನುಪಾತ, ಅಂದರೆ ಶೇ 4 ಸೇರಿಸಬೇಕು.

ಬಿಸಿಲ ನಾಡಿನಲ್ಲಿ ಉಷ್ಣಾಂಶ ಬರೆಯದ ಅಂಕಿ ಅರ್ಧ ಅಂಕಿ. ಬೆಳಿಗ್ಗೆ ಏಳಕ್ಕೆ 28 ಡಿಗ್ರಿ ಇದ್ದ ಕೋಣೆ ಮಧ್ಯಾಹ್ನ 40 ಮುಟ್ಟುತ್ತದೆ. ಅಷ್ಟಕ್ಕೇ ಎಥನಾಲ್ ಶೇ 1ಕ್ಕಿಂತ ಹೆಚ್ಚು ಹಿಗ್ಗುತ್ತದೆ, ಮುಚ್ಚಳವಿಲ್ಲದ ಕ್ಯುವೆಟ್ಟಿನಲ್ಲಿ ಆವಿಯಾಗಿ ಗಟ್ಟಿಯೂ ಆಗುತ್ತದೆ. ಫ್ಲಾಸ್ಕುಗಳ ಮೇಲೆ ನೋಡಿ, ಕೆಲವು 20 ಡಿಗ್ರಿಗೆ, ಕೆಲವು 27ಕ್ಕೆ ಗುರುತು ಹಾಕಿದವು. ರೋಡಮಿನ್ ಬಿ ಎಂಬ ಡೈ ಅಂತೂ ಡಿಗ್ರಿಗೆ ಶೇ ಒಂದೂವರೆಯಿಂದ ಎರಡರಷ್ಟು ಹೊಳಪು ಕಳೆದುಕೊಳ್ಳುತ್ತದೆ. ಹೋಲಿಕೆಯ ಡೈ ಬೆಳಿಗ್ಗೆ, ನಿಮ್ಮದು ಮಧ್ಯಾಹ್ನ ಅಳೆಯುವ ಕ್ರಮ ಬಿಟ್ಟು ಒಂದಾದ ಮೇಲೊಂದು ಅಳೆಯಿರಿ, ಅದೂ ಬೆಳಿಗ್ಗೆ ಹತ್ತರೊಳಗೆ.

ರೋಡಮಿನ್ ಬಿ ಎಂದರೆ 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಬೊಂಬಾಯಿ ಮಿಠಾಯಿಯಲ್ಲಿ ನಿಷೇಧಿಸಿದ ಅದೇ ಬಣ್ಣ. ಹಸಿರು ಲೇಸರ್ ಬಿಟ್ಟರೆ ಕಿತ್ತಳೆ ಹೊಳೆಯುತ್ತದೆ, ಹಾಗೆಂದು ಮಿಠಾಯಿಗೆ ಲೇಸರ್ ಹಿಡಿದು ತೀರ್ಪು ಕೊಡಬೇಡಿ. ಆಹಾರಕ್ಕೆ ಅನುಮತಿಯಿರುವ ಎರಿತ್ರೋಸಿನ್ ಕೂಡ ಹಸಿರು ಬೆಳಕಿಗೆ ಮಂದವಾಗಿ ಹೊಳೆಯುತ್ತದೆ.

ನಮ್ಮ ಕೂಮರಿನ್ ಡೈನಿಂದ ಡೈ ಲೇಸರನ್ನೇ (ಡೈ ದ್ರಾವಣವೇ ಲೇಸರ್ ಬೆಳಕು ಕೊಡುವಂಥದ್ದು) ಮಾಡಬಹುದೇ ಎಂದು ಕೇಳುವವರು ಇದ್ದಾರೆ. 5 ಮಿಲಿವ್ಯಾಟ್ ನಿರಂತರ ಬೆಳಕಿಗೆ ಅದು ಆಗದ ಕೆಲಸ. 1966ರಲ್ಲಿ ಸೊರೊಕಿನ್ ಮತ್ತು ಲ್ಯಾಂಕಾರ್ಡ್ ಮೊದಲ ಡೈ ಲೇಸರ್ ನಡೆಸಿದ್ದು ರೂಬಿ ಲೇಸರಿನ ದೈತ್ಯ ಮಿಡಿತದಿಂದ. ಇಂಥ ಕೂಮರಿನ್‌ಗಳಿಗೆ 337.1 ನ್ಯಾನೋಮೀಟರಿನ ನೈಟ್ರೋಜನ್ ಲೇಸರಿನಂಥದ್ದು ಬೇಕು, ಅದರ ಕೆಲವೇ ನ್ಯಾನೋಸೆಕೆಂಡುಗಳ ಮಿಡಿತಕ್ಕೆ ಕಿಲೋವೋಲ್ಟುಗಳ ವಿದ್ಯುತ್ ಬೇಕು. ಅದು ಮನೆಯ ಮೇಜಿನ ಕೆಲಸವಲ್ಲ.

ಸ್ಟಾಕ್ ದ್ರಾವಣವನ್ನು ಕಂದು ಸೀಸೆಯಲ್ಲಿ, ಫಾಯಿಲ್ ಸುತ್ತಿ ಫ್ರಿಜ್ಜಿನಲ್ಲಿಡಿ. ಹೊರಗೆ ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ತೆರೆಯಬೇಡಿ, ಇಲ್ಲದಿದ್ದರೆ ಒಳಗೆ ನೀರು ಇಂಗುತ್ತದೆ. 2 ಮೈಕ್ರೋಮೋಲಾರ್ ದ್ರಾವಣವನ್ನು ಮಾತ್ರ ದಿನವೂ ಹೊಸದಾಗಿ ಮಾಡಿ. ಬಳಸಿ ಉಳಿದದ್ದು ಸಿಂಕಿಗಲ್ಲ, ದ್ರಾವಕದ ಕ್ಯಾನಿಗೆ.